ಮಚ್ಚೆಗೂ ಜೋಮಿಗೂ ಎಷ್ಟು ದೂರ?

ಮುಂಬಯಿಯ ಆಂಟಾಪ್ ಹಿಲ್‌ನ ಕೇಂದ್ರ ಸರ್ಕಾರಿ ನೌಕರರ ಕಾಲೊನಿಯ ಮನೆಯೊಂದರಲ್ಲಿ ನಡೆದ ಮಾತುಕತೆ ಇದು. ಒಬ್ಬರು ವೈದ್ಯಕೀಯ ಗ್ರಂಥಾಲಯದಲ್ಲಿ ವಿಷಯಸೂಚಿಯ ಕೆಲಸ ಮಾಡಿ ನಿವೃತ್ತರಾದ ಹೆಂಗಸು. ಇನ್ನೊಬ್ಬ ಅವರ ತಂಗಿಯ ಮಗ, ಕಂಪ್ಯೂಟರ್ ಇಂಜಿನಿಯರಿಂಗ್ ಕೊನೆಯ ವರ್ಷದವನು. ಆರೋಗ್ಯದ ಮಾಹಿತಿಯನ್ನು ಕನ್ನಡದಲ್ಲಿ ಹುಡುಕಿಕೊಡುವ ಸಾಧನವೊಂದನ್ನು ಕಟ್ಟುವುದು ಅವನ ಪ್ರಾಜೆಕ್ಟು.

— ದೊಡ್ಡಮ್ಮ, ಇದೊಂದು ನೋಡಿ. ಕಟ್ಟಡದ ಕೆಲಸಕ್ಕೆ ಬರುವ ಯಾದಗಿರಿ ಕಡೆಯವರೊಬ್ಬರ ಕೈಗೆ ಫೋನ್ ಕೊಟ್ಟು, ಏನು ಕೇಳಬೇಕೋ ನಿಮ್ಮ ಮಾತಿನಲ್ಲೇ ಕೇಳಿ ಅಂದೆ. ಅವರು ಕೇಳಿದ್ದು ಹೀಗೆ: ‘ಮೈಮ್ಯಾಲ ಬಿಳಿ ಮಚ್ಚಿ ಆಗ್ಯಾವ, ಅಲ್ಲಿ ಜೋಮು ಹಿಡದದ.’

— ಅದಕ್ಕೆ ನಿನ್ನ ಯಂತ್ರ ಏನು ಕೊಟ್ಟಿತು?

— ಮೊದಲು ತೊನ್ನಿನ ಪುಟ. ಆಮೇಲೆ ಸಕ್ಕರೆ ಕಾಯಿಲೆಯವರಿಗೆ ಪಾದ ಜೋಮು ಹಿಡಿಯುವುದರ ಬಗ್ಗೆ ಒಂದು. ಮತ್ತೆ ಮುಖದ ಕಲೆಗೆ ಹಚ್ಚುವ ಮುಲಾಮು. ಕುಷ್ಠದ ಪುಟವೂ ಸಂಗ್ರಹದಲ್ಲಿ ಉಂಟು, ಆದರೆ ಎಲ್ಲೋ ಕೆಳಗೆ ಬಿತ್ತು.

— ಅದೇ ಮೊದಲು ಬರಬೇಕಾದದ್ದು. ತಿಳಿ ಬಣ್ಣದ ಮಚ್ಚೆ, ಆ ಮಚ್ಚೆಯ ಮೇಲೆ ಮುಟ್ಟಿದರೆ ಗೊತ್ತಾಗದಿರುವುದು, ಇವೆರಡು ಒಟ್ಟಿಗೆ ಕಂಡರೆ ಯಾವ ಚರ್ಮದ ಡಾಕ್ಟರೂ ಮೊದಲು ಕುಷ್ಠ ಇದೆಯೋ ಅಂತ ನೋಡ್ತಾರೆ. ತೊನ್ನಿನ ಮಚ್ಚೆ ಬೆಳ್ಳಗಾಗುತ್ತದೆಯೇ ಹೊರತು ಸ್ಪರ್ಶ ಹೋಗುವುದಿಲ್ಲ. ಬೇಗ ಗೊತ್ತಾದರೆ 6 ಅಥವಾ 12 ತಿಂಗಳ ಮಾತ್ರೆಯಲ್ಲಿ ವಾಸಿಯಾಗುವ ಕಾಯಿಲೆ ಅದು, ಮಾತ್ರೆಯನ್ನು ಸರ್ಕಾರ ಪುಕ್ಕಟೆ ಕೊಡ್ತದೆ. ತಡವಾದರೆ ನರ ಹಾಳಾಗಿ ಕೈಬೆರಳು, ಪಾದ, ಕಣ್ಣು ಎಲ್ಲಕ್ಕೂ ಪೆಟ್ಟು. ಆ ಮನುಷ್ಯ ಮುಲಾಮಿನ ಪುಟ ಓದಿ ಅಂಗಡಿಗೆ ಹೋದರೆ ಎಷ್ಟು ತಿಂಗಳು ಹಾಳು ಹೇಳು! ಅವರನ್ನು ಆಸ್ಪತ್ರೆಗೆ ಕಳಿಸಿದೆಯಾ?

— ಕಳಿಸಿದೆ. ನಾಳೆ ನಾನೇ ಜೊತೆಗೆ ಹೋಗ್ತೇನೆ.

— ಸರಿ. ಹಾಗಾದರೆ ಈ ಒಂದೇ ಪ್ರಶ್ನೆಯ ಮೇಲೆ ಕೂತು ಮಾತಾಡುವ. ತೊನ್ನು ಹತ್ತಿರ, ಕುಷ್ಠ ದೂರ ಅಂತ ನಿನ್ನ ಯಂತ್ರ ಯಾವ ಲೆಕ್ಕದಲ್ಲಿ ತೀರ್ಮಾನ ಮಾಡಿತು?

— ಪ್ರತಿಯೊಂದು ಪದಕ್ಕೂ 300 ಸಂಖ್ಯೆಗಳ ಒಂದು ಸಾಲು ಇದೆ. ಫೇಸ್‌ಬುಕ್‌ನವರು 2018ರಲ್ಲಿ 157 ಭಾಷೆಗಳಿಗೆ ಮಾಡಿಟ್ಟದ್ದು, ಕನ್ನಡವೂ ಅದರಲ್ಲಿ ಉಂಟು. ಆ ಸಾಲನ್ನು ಒಂದು ದಿಕ್ಕು ಅಂತ ತಿಳಿದರೆ, ಎರಡು ಪದಗಳ ದಿಕ್ಕಿನ ನಡುವಿನ ಕೋನ ಚಿಕ್ಕದಾದಷ್ಟೂ ಅರ್ಥ ಹತ್ತಿರ. ಮೂಲದ ಯೋಚನೆ ಹಳೆಯದು, 1950ರ ದಶಕದಲ್ಲಿ ಹ್ಯಾರಿಸ್, ಫರ್ತ್ ಎಂಬ ಭಾಷಾವಿಜ್ಞಾನಿಗಳು ಹೇಳಿದ್ದು: ಒಂದು ಪದ ಯಾವ ಪದಗಳ ಒಡನಾಟದಲ್ಲಿ ಇರ್ತದೆ ಅಂತ ನೋಡಿ ಅದರ ಅರ್ಥ ಹಿಡಿಯಬಹುದು. ಸಕ್ಕರೆ ಕಾಯಿಲೆ, ಮಧುಮೇಹ, ಡಯಾಬಿಟಿಸ್, ಈ ಮೂರೂ ಒಂದೇ ಅಂತ ನಾನು ಯಂತ್ರಕ್ಕೆ ಹೇಳಿಕೊಡಬೇಕಾಗಲಿಲ್ಲ. ಮೂರರ ಪಕ್ಕದಲ್ಲೂ ಇನ್ಸುಲಿನ್, ರಕ್ತಪರೀಕ್ಷೆ, ಪಥ್ಯ ಇವೇ ಬರ್ತವಲ್ಲ.

— ಅದು ದೊಡ್ಡ ಲಾಭವೇ. ನಮ್ಮ ಕಾಲದಲ್ಲಿ ಪ್ರತಿ ಜೋಡಿಗೂ ‘ಇದನ್ನು ನೋಡಿ’ ಅಂತ ಒಂದೊಂದು ಕಾರ್ಡು ಬರೆದು ಡ್ರಾಯರಿಗೆ ಹಾಕಬೇಕಿತ್ತು. ಆದರೆ ಒಡನಾಟ ಅಂದೆಯಲ್ಲ, ಕುಷ್ಠದ ಒಡನಾಟ ಕನ್ನಡ ಬರವಣಿಗೆಯಲ್ಲಿ ಯಾವುದರ ಜೊತೆ? ಕಥೆಯಲ್ಲಾದರೆ ಶಾಪ, ಪಾಪ, ಭಿಕ್ಷೆ. ಪತ್ರಿಕೆಯಲ್ಲಾದರೆ ವರ್ಷಕ್ಕೊಮ್ಮೆ ಜನವರಿ 30ಕ್ಕೆ ಬರ್ತದೆ, ಗಾಂಧೀಜಿ ಹುತಾತ್ಮರಾದ ದಿನವನ್ನೇ ನಮ್ಮ ದೇಶ ಕುಷ್ಠರೋಗ ವಿರೋಧಿ ದಿನವಾಗಿ ಆಚರಿಸುವುದರಿಂದ. ಸೇವಾಗ್ರಾಮದಲ್ಲಿ ಅವರು ಪರಚುರೆ ಶಾಸ್ತ್ರಿಗಳ ಶುಶ್ರೂಷೆ ಮಾಡಿದ್ದನ್ನು ಎಲ್ಲರೂ ನೆನಪಿಸ್ತಾರೆ. ನೆನಪಿಸಲೇಬೇಕು. ಆದರೆ ‘ಜೋಮು’ ಎಂಬ ಮಾತು ಆ ಬರಹಗಳಲ್ಲಿ ಎಲ್ಲಿ ಬರ್ತದೆ? ಬಂದರೂ ‘ಸ್ಪರ್ಶಜ್ಞಾನದ ನಷ್ಟ’ ಅಂತ ಬರ್ತದೆ. ಜೋಮು ಅನ್ನುವವರು ಬರೆಯುವುದಿಲ್ಲ, ಬರೆಯುವವರು ಜೋಮು ಅನ್ನುವುದಿಲ್ಲ.

— ಹೌದು. ಇನ್ನೊಂದು ತೊಡಕೂ ಉಂಟು. ಕನ್ನಡದಲ್ಲಿ ಒಂದು ನಾಮಪದಕ್ಕೆ ಎಷ್ಟೋ ರೂಪ ಬರ್ತದಲ್ಲ, ‘ಕುಷ್ಠರೋಗಿಗಳಿಗಾಗಿ’ ಅಂತೆಲ್ಲ. ಅದಕ್ಕೆ ಈ ವಿಧಾನ ಪದವನ್ನು ಅಕ್ಷರಗಳ ಚಿಕ್ಕ ಚಿಕ್ಕ ತುಂಡು ಮಾಡಿ ಕಲೀತದೆ. ಕಾಣದ ರೂಪ ಬಂದರೂ ಅಂದಾಜು ಸಿಗ್ತದೆ. ಆದರೆ ‘ಕ್ಷಯ’ ಅಂತ ಹುಡುಕಿದರೆ ‘ಅಕ್ಷಯ’ವೂ ಸಾಲಿಗೆ ಸೇರಿಕೊಳ್ತದೆ. ಟಿಬಿಯ ಬಗ್ಗೆ ಕೇಳಿದವರಿಗೆ ಅಕ್ಷಯ ತದಿಗೆಯ ಚಿನ್ನದ ಸುದ್ದಿ.

— ಅಲ್ಲೇ ನೋಡು, ಅಕ್ಷರದ ಹತ್ತಿರ ಬೇರೆ, ಒಡನಾಟದ ಹತ್ತಿರ ಬೇರೆ, ವಿಷಯದ ಹತ್ತಿರ ಬೇರೆ. ನಾನು ಬದುಕಿಡೀ ಮಾಡಿದ್ದು ಮೂರನೆಯದರ ಕೆಲಸ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1960ರಲ್ಲಿ ‘ಮೆಶ್’ ಎಂಬ ವಿಷಯಶೀರ್ಷಿಕೆಗಳ ಪಟ್ಟಿ ತಂದಿತು. ವೈದ್ಯಕೀಯ ಲೇಖನಗಳ ಸೂಚಿಯಾದ ‘ಇಂಡೆಕ್ಸ್ ಮೆಡಿಕಸ್’ನ ದಪ್ಪ ಸಂಪುಟಗಳನ್ನು ತಿರುವಿಹಾಕುವಾಗ ನಮಗೆ ಅದೇ ದಾರಿ. ಆ ಶೀರ್ಷಿಕೆಗಳನ್ನು ಮರದ ಹಾಗೆ ಜೋಡಿಸಿದ್ದಾರೆ. ಬುಡದಲ್ಲಿ ರೋಗಗಳು, ಅದರಲ್ಲಿ ಸೋಂಕುಗಳು, ಅದರಲ್ಲಿ ಬ್ಯಾಕ್ಟೀರಿಯಾ ಸೋಂಕು, ಹೀಗೆ ಇಳಿಯುತ್ತಾ ಮೈಕೋಬ್ಯಾಕ್ಟೀರಿಯಾ ಸೋಂಕು ಎಂಬ ಕೊಂಬೆ. ಆ ಕೊಂಬೆಯಲ್ಲಿ ಅಕ್ಕಪಕ್ಕ ಯಾರಿದ್ದಾರೆ ಗೊತ್ತುಂಟಾ? ಕ್ಷಯ ಮತ್ತು ಕುಷ್ಠ.

— ಅಕ್ಕಪಕ್ಕವಾ?

— ಒಂದೇ ಕುಲದ ಸೂಕ್ಷ್ಮಜೀವಿಗಳು. ಕುಷ್ಠದ್ದನ್ನು 1873ರಲ್ಲಿ ನಾರ್ವೆಯ ಹ್ಯಾನ್ಸನ್ ಕಂಡುಹಿಡಿದ, ಕ್ಷಯದ್ದನ್ನು 1882ರಲ್ಲಿ ಜರ್ಮನಿಯ ಕಾಕ್. ರಿಫಾಂಪಿಸಿನ್ ಎಂಬ ಔಷಧ ಎರಡರ ಚಿಕಿತ್ಸೆಯಲ್ಲೂ ಉಂಟು. ಎಳೆಮಗುವಿಗೆ ಕ್ಷಯ ಬಾರದ ಹಾಗೆ ಹಾಕಿಸುವ ಬಿಸಿಜಿ ಚುಚ್ಚುಮದ್ದು ಕುಷ್ಠದಿಂದಲೂ ಒಂದಷ್ಟು ರಕ್ಷಣೆ ಕೊಡ್ತದೆ. ನಮ್ಮ ನೆರೆಯಲ್ಲೇ ನೋಡು, ವಡಾಲದಲ್ಲಿ 1890ರಲ್ಲಿ ಶುರುವಾದ ಆಕ್‌ವರ್ತ್ ಕುಷ್ಠರೋಗ ಆಸ್ಪತ್ರೆ, ಪಕ್ಕದ ಸ್ಟೇಷನ್ ಶಿವಡಿಯಲ್ಲಿ ಮುನಿಸಿಪಾಲಿಟಿಯ ಟಿಬಿ ಆಸ್ಪತ್ರೆ. ಊರಿನ ನಕ್ಷೆಯಲ್ಲೂ ಹತ್ತಿರ, ಮೆಶ್‌ನ ಮರದಲ್ಲೂ ಹತ್ತಿರ. ಆದರೆ ಶಿವಡಿಗೆ ಹೋಗುವ ರೋಗಿಯನ್ನು ಕೇಳಿದರೆ ಅವನ ಕಾಯಿಲೆಗೆ ಹತ್ತಿರದ್ದು ದಮ್ಮು, ಕೆಮ್ಮು. ಕುಷ್ಠ ಅಂದರೆ ಸಿಟ್ಟಾಗ್ತಾನೆ.

— ನಮ್ಮ ಪಾಠದಲ್ಲಿ ರಾಯ್ ರಾಡಾ ಎಂಬವರ ಕೆಲಸ ಬರ್ತದೆ, 1989ರದ್ದು. ಇದೇ ಮೆಶ್ ಮರವನ್ನು ಇಟ್ಟುಕೊಂಡು ಎರಡು ಪರಿಕಲ್ಪನೆಗಳ ನಡುವೆ ಎಷ್ಟು ಮೆಟ್ಟಿಲು ಅಂತ ಎಣಿಸಿ, ಅದನ್ನೇ ದೂರ ಅಂತ ತೆಗೆದುಕೊಂಡರು. ಕ್ಷಯದಿಂದ ಒಂದು ಮೆಟ್ಟಿಲು ಮೇಲೆ, ಅಲ್ಲಿಂದ ಒಂದು ಮೆಟ್ಟಿಲು ಕೆಳಗೆ ಕುಷ್ಠ. ದೂರ ಎರಡು. ಯಾವ ಲೇಖನ ಪ್ರಶ್ನೆಗೆ ಹತ್ತಿರ ಅಂತ ಕ್ರಮ ಹಚ್ಚುವುದಕ್ಕೆ ಆ ದೂರವನ್ನು ಬಳಸಿದರು.

— ಮೆಟ್ಟಿಲು ಎಣಿಸುವುದರಲ್ಲಿ ಒಂದು ಮೋಸ ಉಂಟಲ್ಲ. ಹಾರ್ಬರ್ ಲೈನಿನಲ್ಲಿ ವಡಾಲ ರೋಡಿನಿಂದ ಜಿಟಿಬಿ ನಗರಕ್ಕೆ ಒಂದು ಸ್ಟೇಷನ್. ಮಾನ್‌ಖುರ್ದ್‌ನಿಂದ ವಾಶಿಗೂ ಒಂದೇ ಸ್ಟೇಷನ್, ಆದರೆ ನಡುವೆ ಇಡೀ ಖಾಡಿ ದಾಟಬೇಕು. ಮರದ ಮೇಲ್ಭಾಗದ ಒಂದು ಮೆಟ್ಟಿಲು ಅಂಥದ್ದು. ಸೋಂಕು ಮತ್ತು ಗಾಯ ಎರಡೂ ತೊಂದರೆಗಳೇ ಅಂತ ಒಂದು ತಲೆಯ ಕೆಳಗೆ ಇಟ್ಟರೆ ಅಲ್ಲೂ ದೂರ ಎರಡೇ ಬರ್ತದೆ.

— ಅದಕ್ಕೇ 1995ರಲ್ಲಿ ಫಿಲಿಪ್ ರೆಸ್ನಿಕ್ ಬೇರೆ ದಾರಿ ಹಿಡಿದರು. ಮೆಟ್ಟಿಲು ಬಿಡಿ, ಎರಡಕ್ಕೂ ಸೇರಿ ಅತಿ ಹತ್ತಿರದ ಹಿರಿಯ ತಲೆ ಯಾವುದು ಅಂತ ನೋಡಿ, ಆ ತಲೆ ಎಷ್ಟು ಅಪರೂಪದ್ದು ಅಂತ ಅಳೆಯಿರಿ ಅಂದರು. ಕಾಗದ ಕೊಡಿ, ಲೆಕ್ಕ ತೋರಿಸ್ತೇನೆ. ಸಂಗ್ರಹದಲ್ಲಿ 1,024 ಪುಟ ಇದೆ ಅಂತ ಇಟ್ಟುಕೊಳ್ಳಿ. ಚರ್ಮದ ಕಾಯಿಲೆ ಎಂಬ ತಲೆಯ ಕೆಳಗೆ 128, ಅಂದರೆ ಎಂಟರಲ್ಲಿ ಒಂದು. ಎಂಟಾಗಬೇಕಾದರೆ ಎರಡನ್ನು ಮೂರು ಸಲ ಗುಣಿಸಬೇಕು, ಹಾಗಾಗಿ ಆ ತಲೆಯ ತೂಕ 3. ಮೈಕೋಬ್ಯಾಕ್ಟೀರಿಯಾ ಎಂಬ ತಲೆಯ ಕೆಳಗೆ ಬರೀ 8 ಪುಟ, 128ರಲ್ಲಿ ಒಂದು. ಅದರ ತೂಕ 7. ಕುಷ್ಠ ಮತ್ತು ತೊನ್ನು ಸೇರುವುದು ಚರ್ಮದ ಕಾಯಿಲೆಯಲ್ಲಿ, ಹೋಲಿಕೆ 3. ಕುಷ್ಠ ಮತ್ತು ಕ್ಷಯ ಸೇರುವುದು ಮೈಕೋಬ್ಯಾಕ್ಟೀರಿಯಾದಲ್ಲಿ, ಹೋಲಿಕೆ 7. ಎಲ್ಲವೂ ಸೇರುವ ‘ರೋಗ’ ಎಂಬ ಬುಡದಲ್ಲಿ ಪುಟಗಳೆಲ್ಲ ಇರುವುದರಿಂದ ಅದರ ತೂಕ ಸೊನ್ನೆ. ಎರಡೂ ರೋಗ ಅಂತ ಹೇಳಿದರೆ ಏನೂ ಹೇಳಿದ ಹಾಗಾಗಲಿಲ್ಲ.

— ಇದು ಚಂದ ಉಂಟು. ಸಾಮಾನ್ಯವಾದದ್ದರಲ್ಲಿ ಕೂಡಿದರೆ ಹೋಲಿಕೆ ಕಡಿಮೆ, ಅಪರೂಪದ್ದರಲ್ಲಿ ಕೂಡಿದರೆ ಹೆಚ್ಚು. ನನಗೆ ಒಪ್ಪಿಗೆ. ಆದರೆ ಈಗ ಆ ಯಾದಗಿರಿಯವರ ಪ್ರಶ್ನೆಗೆ ಬಾ. ನಿನ್ನ 7ರ ಲೆಕ್ಕದ ಪ್ರಕಾರ ಅವರಿಗೆ ಕುಷ್ಠದ ಪುಟದ ಜೊತೆ ಕ್ಷಯದ ಪುಟ ಕೊಡಬೇಕು. ಅದನ್ನು ಕಟ್ಟಿಕೊಂಡು ಅವರಿಗೆ ಏನಾಗಬೇಕು? ಔಷಧ ಕಂಡುಹಿಡಿಯುವ ಸಂಶೋಧಕನಿಗೆ ಕ್ಷಯದ ಲೇಖನ ಬೇಕು, ಅವನಿಗೆ 7 ಸರಿ. ಮೈಮೇಲೆ ಮಚ್ಚೆ ಇರುವವರಿಗೆ ಕುಷ್ಠದ ಪಕ್ಕ ತೊನ್ನಿನ ಪುಟವೇ ಬೇಕು, ಯಾಕೆಂದರೆ ಅವರು ತೀರ್ಮಾನ ಮಾಡಬೇಕಾದದ್ದು ಅವೆರಡರ ನಡುವೆ. ಹತ್ತಿರ ಯಾವುದು ಅನ್ನುವುದನ್ನು ಹುಡುಕುವವನ ಮುಂದಿರುವ ತೀರ್ಮಾನ ಹೇಳ್ತದೆ ಮಾರಾಯ, ಮರವೂ ಹೇಳುವುದಿಲ್ಲ, ಒಡನಾಟವೂ ಹೇಳುವುದಿಲ್ಲ. ಇದನ್ನು ನಾನು ಡಾಕ್ಟರುಗಳಿಗೂ ನರ್ಸುಗಳಿಗೂ ಪುಸ್ತಕ ಹುಡುಕಿಕೊಟ್ಟು ಕಲಿತದ್ದು. ಒಂದೇ ವಿಷಯ ಕೇಳ್ತಾರೆ, ಬೇಕಾದದ್ದು ಬೇರೆ ಬೇರೆ.

— ಹಾಗಾದರೆ ಅಳತೆಯೇ ಬೇಡವಾ?

— ಬೇಡ ಅಂತ ಯಾರು ಹೇಳಿದರು? ಅಳತೆ ಬೇಕೇ ಬೇಕು. ಆದರೆ ಒಂದೇ ಅಂಕಿ ಸಾಲದು. ‘ಅದೇ’ ಬೇರೆ, ‘ಅದರ ಒಂದು ಬಗೆ’ ಬೇರೆ, ‘ಅದಕ್ಕೆ ಸಂಬಂಧಪಟ್ಟದ್ದು’ ಬೇರೆ, ‘ಅದೆಂದು ತಪ್ಪು ತಿಳಿಯುವಂಥದ್ದು’ ಬೇರೆ. ನಮ್ಮ ಕಾರ್ಡುಗಳಲ್ಲೇ ‘ನೋಡಿ’ ಮತ್ತು ‘ಇದನ್ನೂ ನೋಡಿ’ ಅಂತ ಎರಡು ಇಟ್ಟಿದ್ದೆವು. ‘ನೋಡಿ’ ಅಂದರೆ ಎರಡೂ ಒಂದೇ, ಅಲ್ಲಿಗೆ ಹೋಗು. ‘ಇದನ್ನೂ ನೋಡಿ’ ಅಂದರೆ ಇಲ್ಲಿ ಓದಿ ಮುಗಿಸಿ ಆಮೇಲೆ ಅಲ್ಲಿಗೂ ಹೋಗು. ನಿನ್ನ ಕೋನ ಈ ನಾಲ್ಕನ್ನೂ ಒಂದೇ ಚೀಲಕ್ಕೆ ತುಂಬ್ತದೆ.

— ಅದು ನಿಜ. ಸಿಮ್‌ಲೆಕ್ಸ್-999 ಅಂತ ಒಂದು ಪರೀಕ್ಷಾ ಪಟ್ಟಿಯನ್ನು 2015ರಲ್ಲಿ ಮಾಡಿದ್ದೇ ಈ ಗೊಂದಲಕ್ಕೆ, ಹೋಲಿಕೆ ಬೇರೆ ಸಂಬಂಧ ಬೇರೆ ಅಂತ ಬಿಡಿಸಿ ತೋರಿಸ್ಲಿಕ್ಕೆ. ಇನ್ನೊಂದು ವಿಷಯ, ಮನಶ್ಶಾಸ್ತ್ರಜ್ಞ ಅಮೋಸ್ ಟ್ವರ್ಸ್ಕಿ 1977ರಲ್ಲಿ ಹೇಳಿದ್ದು: ಹೋಲಿಕೆಗೆ ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. ಚರ್ಮದ ಕಾಯಿಲೆ ಅಂತ ಹುಡುಕಿದವರಿಗೆ ಕುಷ್ಠದ ಪುಟ ಕೊಡಬಹುದು, ಕುಷ್ಠ ಅಂತ ಹುಡುಕಿದವರಿಗೆ ತುರಿಕೆ, ಮೊಡವೆ ಎಲ್ಲವನ್ನೂ ಸುರಿದರೆ ಆಗುವುದಿಲ್ಲ. ಕೋನಕ್ಕೆ ಆ ಭೇದ ಇಲ್ಲ, ಎರಡೂ ಕಡೆಯಿಂದ ಅದೇ ಅಂಕಿ.

— ಈಗ ಪೂರ್ತಿ ವಾಕ್ಯವನ್ನೇ ಓದುವ ಯಂತ್ರಗಳು ಬಂದಿವೆಯಂತಲ್ಲ?

— ಬಂದಿವೆ. 2018ರಲ್ಲಿ ಗೂಗಲ್‌ನ ಬರ್ಟ್ ಬಂತು, 2020ರಲ್ಲಿ ಎಐ4ಭಾರತ್‌ನವರು ಇಂಡಿಕ್‌ಬರ್ಟ್ ಅಂತ ಕನ್ನಡವೂ ಸೇರಿದ ಹಾಗೆ ಮಾಡಿದರು. ಒಂದು ಪದದ ಅರ್ಥವನ್ನು ಅದು ಕೂತ ವಾಕ್ಯ ನೋಡಿ ತಿಳೀತದೆ. ಮಚ್ಚೆ ಮತ್ತು ಜೋಮು ಒಟ್ಟಿಗೆ ಬಂದದ್ದನ್ನು ಅದು ಗಮನಿಸಬಹುದು ಅಂತ ನನಗೆ ಆಸೆ.

— ‘ಜೋಮು ಇದೆ’ ಅಂದರೆ ಒಂದು ಕಾಯಿಲೆ, ‘ಜೋಮು ಇಲ್ಲ’ ಅಂದರೆ ಇನ್ನೊಂದು. ಆ ‘ಇಲ್ಲ’ವನ್ನು ಅದು ಹಿಡೀತದಾ?

— ಅದೇ ಅದರ ದುರ್ಬಲ ಜಾಗ. ವಾಕ್ಯದ ಉಳಿದ ಪದಗಳೆಲ್ಲ ಒಂದೇ ಆದರೆ ಇದೆ, ಇಲ್ಲ ಎರಡನ್ನೂ ಪಕ್ಕಪಕ್ಕದಲ್ಲೇ ಇಡುವುದು ಹೆಚ್ಚು.

— ಹಾಗಿದ್ದರೆ ಇದ್ದ ಲಕ್ಷಣ, ಇಲ್ಲದ ಲಕ್ಷಣ ಎರಡನ್ನೂ ಬೇರೆಯಾಗಿ ಗುರುತು ಮಾಡುವ ಕೆಲಸ ನೀನೇ ಮಾಡಬೇಕು. ಮತ್ತೆ ಮುಂಬಯಿಯಲ್ಲಿ ಇನ್ನೊಂದು ಅಪಾಯ ಉಂಟು. ಇಲ್ಲಿ ಮುನಿಸಿಪಾಲಿಟಿಯ ಕರಪತ್ರ ಮರಾಠಿಯಲ್ಲಿ, ಟಿವಿಯ ಜಾಹೀರಾತು ಹಿಂದಿಯಲ್ಲಿ. ನಿನ್ನ ಸಾಧನ ಕನ್ನಡದ ಪ್ರಶ್ನೆಗೆ ಮರಾಠಿ ಕರಪತ್ರವನ್ನೂ ಹುಡುಕಬೇಕಲ್ಲವಾ?

— ಹುಡುಕಬೇಕು. ಕನ್ನಡದಲ್ಲಿ ಪುಟಗಳೇ ಕಡಿಮೆ.

— ಮರಾಠಿಯಲ್ಲಿ ‘ಕೋಡ್’ ಅಂದರೆ ತೊನ್ನು. ಹಿಂದಿಯಲ್ಲಿ ‘ಕೋಢ್’ ಅಂದರೆ ಕುಷ್ಠ. ಅದೇ ಹಿಂದಿಯವರು ತೊನ್ನಿಗೆ ‘ಸಫೇದ್ ಕೋಢ್’ ಅಂತಲೂ ಹೇಳ್ತಾರೆ. ಒಂದು ಅಕ್ಷರದ ಉಸಿರು ಜಾಸ್ತಿಯಾದದ್ದಕ್ಕೆ ಕಾಯಿಲೆ ಬದಲಾಗ್ತದೆ. ತೊನ್ನು ಯಾರಿಗೂ ಅಂಟುವುದಿಲ್ಲ, ಆದರೂ ಈ ಗಲಿಬಿಲಿಯಿಂದಲೇ ಎಷ್ಟು ಹೆಣ್ಣುಮಕ್ಕಳ ಮದುವೆ ನಿಂತಿದೆ! ಯಂತ್ರ ಈ ಹಳೆಯ ಅನ್ಯಾಯವನ್ನು ಅಂಕಿಯಾಗಿ ಕಲಿತು ವಾಪಸ್ ನಮಗೇ ಕೊಡಬಾರದು. ನನಗೆ ಇದು ಸಣ್ಣ ವಿಷಯ ಅಲ್ಲ.

— ಅಲ್ಲಿಗೆ ಪವಯಿಯ ಕೆಲಸ ಸಹಾಯಕ್ಕೆ ಬರ್ತದೆ ದೊಡ್ಡಮ್ಮ. ಐಐಟಿ ಬಾಂಬೆಯಲ್ಲಿ ಪುಷ್ಪಕ್ ಭಟ್ಟಾಚಾರ್ಯರ ತಂಡ ಮೊದಲು ಹಿಂದಿ ವರ್ಡ್‌ನೆಟ್ ಮಾಡಿತು, ಆಮೇಲೆ ಅದಕ್ಕೆ ಬೇರೆ ಭಾರತೀಯ ಭಾಷೆಗಳನ್ನು ಜೋಡಿಸಿ ಇಂಡೋವರ್ಡ್‌ನೆಟ್ ಆಯಿತು. ಮಾದರಿ ಪ್ರಿನ್ಸ್‌ಟನ್‌ನಲ್ಲಿ ಜಾರ್ಜ್ ಮಿಲ್ಲರ್ 1985ರಲ್ಲಿ ಶುರುಮಾಡಿದ್ದು. ಅಲ್ಲಿ ಪದಕ್ಕೆ ಪದ ಜೋಡಿಸುವುದಿಲ್ಲ. ಒಂದು ಅರ್ಥಕ್ಕೆ ಒಂದು ಗುಂಪು, ಆ ಗುಂಪಿಗೆ ಒಂದು ಗುರುತು ಸಂಖ್ಯೆ. ಕನ್ನಡದ ಪದ, ಮರಾಠಿಯ ಪದ, ಹಿಂದಿಯ ಪದ ಎಲ್ಲ ಆ ಸಂಖ್ಯೆಯ ಕೆಳಗೆ. ಹಾಗಾಗಿ ಮರಾಠಿಯ ಕೋಡ್ ತೊನ್ನಿನ ಸಂಖ್ಯೆಗೆ, ಹಿಂದಿಯ ಕೋಢ್ ಕುಷ್ಠದ ಸಂಖ್ಯೆಗೆ ಹೋಗಬೇಕು.

— ಅಮರಕೋಶದಲ್ಲಿ ಅಮರಸಿಂಹ ಮಾಡಿದ್ದೂ ಅದೇ ಬಗೆಯ ಕೆಲಸ. ಅಕಾರಾದಿ ಬಿಟ್ಟು, ಸ್ವರ್ಗವರ್ಗ, ವನೌಷಧಿವರ್ಗ ಅಂತ ಅರ್ಥದ ಗುಂಪು ಕಟ್ಟಿದ. ಒಂದು ವಸ್ತುವಿಗಿರುವ ಹೆಸರುಗಳೆಲ್ಲ ಒಂದು ಕಡೆ. ಆದರೆ ನಿನ್ನ ಇಂಡೋವರ್ಡ್‌ನೆಟ್ಟಿನಲ್ಲಿ ಯಾದಗಿರಿಯ ‘ಮಚ್ಚಿ’ ಉಂಟಾ?

— ಆಡುಮಾತಿನ ರೂಪಗಳನ್ನು ನಾವೇ ಸೇರಿಸಬೇಕು.

— ಸೇರಿಸು. ಧಾರಾವಿಯಿಂದ ವಡಾಲದವರೆಗೆ ಕಲಬುರಗಿ, ಯಾದಗಿರಿ, ವಿಜಯಪುರದವರು ಇದ್ದಾರೆ, ನಮ್ಮ ಉಡುಪಿ, ಮಂಗಳೂರಿನವರು ಇದ್ದಾರೆ. ಒಬ್ಬೊಬ್ಬರ ಬಾಯಲ್ಲಿ ಕಾಯಿಲೆಗೆ ಒಂದೊಂದು ಮಾತು. ಅದನ್ನು ಬರೆದುಕೊಳ್ಳುವುದಕ್ಕೆ ಕಂಪ್ಯೂಟರ್ ಬೇಡ, ಒಂದು ನೋಟ್‌ಬುಕ್ ಸಾಕು.

— ಕ್ರಮ ಹಚ್ಚುವುದು ಹೇಗೆ ಅಂತ ಇನ್ನೂ ಗೊತ್ತಾಗ್ತಾ ಇಲ್ಲ. ಅದೇ, ಸಂಬಂಧಪಟ್ಟದ್ದು, ತಪ್ಪು ತಿಳಿಯುವಂಥದ್ದು ಅಂತ ಬೇರೆ ಮಾಡಿದೆ ಅಂತಲೇ ಇಟ್ಟುಕೊಳ್ಳಿ. ಯಾವುದು ಮೇಲೆ, ಯಾವುದು ಕೆಳಗೆ?

— ಗ್ರಂಥಾಲಯ ವಿಜ್ಞಾನದ ರಂಗನಾಥನ್ ಅದಕ್ಕೆ ಉತ್ತರ ಹೇಳಿದ್ದಾರೆ. ಬೆಂಗಳೂರಿನಲ್ಲಿ 1962ರಲ್ಲಿ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರ ಕಟ್ಟಿ, 1972ರಲ್ಲಿ ಅಲ್ಲೇ ತೀರಿಕೊಂಡರಲ್ಲ, ಅವರು. ಕಪಾಟಿನಲ್ಲಿ ಪುಸ್ತಕಗಳು ಹೇಗೆ ನಿಲ್ಲಬೇಕು ಅಂತ ಹೇಳುವಾಗ ಗ್ರಹಣದ ಮಾತುಗಳನ್ನೇ ತಂದರು. ಓದುಗನಿಗೆ ಬೇಕಾದ ವಿಷಯದ ಪುಸ್ತಕ ನಡುವೆ, ಅದು ದಟ್ಟ ನೆರಳು. ಅದರ ಎರಡೂ ಪಕ್ಕ ಸಂಬಂಧಪಟ್ಟವು, ಅದು ಅರೆನೆರಳು. ಅದರಾಚೆ ಪರಕೀಯ. ಇಂಗ್ಲಿಷ್ ಹೆಸರುಗಳ ಮೊದಲಕ್ಷರ ಕೂಡಿಸಿ ಅಪುಪಾ ಅಂತ ಅದನ್ನು ಕರೀತಿದ್ದೆವು. ನಾನು ಓದುವಾಗ ಮೆಚ್ಚಿದ್ದು ಏನೆಂದರೆ, ದಟ್ಟ ನೆರಳು ಎಲ್ಲಿ ಬೀಳ್ತದೆ ಎನ್ನುವುದು ಓದುಗನಿಂದ ಓದುಗನಿಗೆ ಸರೀತದೆ. ಕಪಾಟು ಒಂದು ಸಲ ಜೋಡಿಸಿದ ಮೇಲೆ ಅಲುಗುವುದಿಲ್ಲ, ಅದು ನಮ್ಮ ಕಷ್ಟ ಆಗಿತ್ತು. ನಿನ್ನದಕ್ಕೆ ಆ ಕಷ್ಟ ಇಲ್ಲ, ಪ್ರತಿ ಪ್ರಶ್ನೆಗೂ ಹೊಸ ಕಪಾಟು ಜೋಡಿಸಬಹುದು. ಆ ಯಾದಗಿರಿಯವರ ಕಪಾಟಿನಲ್ಲಿ ನಡುವೆ ಕುಷ್ಠದ ಲಕ್ಷಣಗಳು, ಒಂದು ಪಕ್ಕ ತೊನ್ನಿನ ವ್ಯತ್ಯಾಸ, ಇನ್ನೊಂದು ಪಕ್ಕ ಪುಕ್ಕಟೆ ಪರೀಕ್ಷೆ ಎಲ್ಲಿ ಅನ್ನುವುದು. ಮುಲಾಮು ಪರಕೀಯ. ಸಕ್ಕರೆ ಕಾಯಿಲೆ ಅರೆನೆರಳಿನ ಅಂಚಿನಲ್ಲಿ ಇರಲಿ. ಜೋಮು ಪಾದದಲ್ಲಿ ಮಾತ್ರ ಇದ್ದು ಮಚ್ಚೆ ಇಲ್ಲದಿದ್ದರೆ ಅದೇ ನಡುವಿಗೆ ಬರ್ತದೆ.

— ಇದನ್ನು ಮಾಡಿದೆ ಅಂತಲೇ ಆಗಲಿ, ಸರಿಯಾಯಿತೋ ಇಲ್ಲವೋ ಅಂತ ಪರೀಕ್ಷೆ ಹೇಗೆ? ಸಾಮಾನ್ಯವಾಗಿ ಜೋಡಿಪದಗಳ ಪಟ್ಟಿ ಮಾಡಿ ಜನರ ಹತ್ತಿರ ಅಂಕ ಹಾಕಿಸ್ತಾರೆ, ಯಂತ್ರದ ಅಂಕ ಅದಕ್ಕೆ ಎಷ್ಟು ಹೊಂದ್ತದೆ ಅಂತ ನೋಡ್ತಾರೆ. 1965ರಲ್ಲಿ ರೂಬೆನ್‌ಸ್ಟೈನ್ ಮತ್ತು ಗುಡೆನಫ್ 65 ಜೋಡಿ ಕೊಟ್ಟು ಸೊನ್ನೆಯಿಂದ 4ರವರೆಗೆ ಅಂಕ ಹಾಕಿಸಿದರು. 2007ರಲ್ಲಿ ಟೆಡ್ ಪೆಡರ್ಸನ್ ಮತ್ತು ಜೊತೆಯವರು ವೈದ್ಯಕೀಯದ 30 ಜೋಡಿಗಳನ್ನು 3 ಡಾಕ್ಟರುಗಳಿಗೂ, ಆಸ್ಪತ್ರೆಯ ದಾಖಲೆಗೆ ರೋಗದ ಸಂಕೇತ ಹಾಕುವ 9 ಜನರಿಗೂ ಕೊಟ್ಟರು.

— ಎರಡು ಗುಂಪಿನವರೂ ಒಂದೇ ಅಂಕ ಕೊಟ್ಟರಾ?

— ಇಲ್ಲ. ಸಂಕೇತ ಹಾಕುವವರು ತಮ್ಮತಮ್ಮಲ್ಲಿ ಹೆಚ್ಚು ಒಪ್ಪಿದರು, ಡಾಕ್ಟರುಗಳು ಕಡಿಮೆ.

— ನನಗೆ ಆಶ್ಚರ್ಯ ಇಲ್ಲ. ಸಂಕೇತ ಹಾಕುವವರು ನನ್ನ ಹಾಗೆ ಮರ ನೋಡಿ ಕೆಲಸ ಮಾಡುವವರು, ಮರ ಎಲ್ಲರಿಗೂ ಒಂದೇ. ಡಾಕ್ಟರು ರೋಗಿಯನ್ನು ನೋಡಿ ಕೆಲಸ ಮಾಡುವವರು, ಒಬ್ಬೊಬ್ಬರು ನೋಡಿದ ರೋಗಿಗಳು ಬೇರೆ. ಆದರೆ ಆ ಹನ್ನೆರಡು ಜನರಲ್ಲಿ ಕಾಯಿಲೆಯಾಗಿ ಹುಡುಕುವವರ ಗುಂಪು ಯಾವುದು?

— ಅವರನ್ನು ಕೇಳಿಲ್ಲ.

— ನೀನು ಅವರನ್ನೂ ಸೇರಿಸಿ ಮೂರು ಗುಂಪು ಮಾಡು. ಒಬ್ಬ ಚರ್ಮದ ಡಾಕ್ಟರು, ಮನೆಮನೆಗೆ ಹೋಗುವ ಆರೋಗ್ಯ ಸೇವಕಿಯರು ಕೆಲವರು, ಮತ್ತೆ ಈ ಕಟ್ಟಡ ಕೆಲಸದವರು, ಕ್ಯಾಂಟೀನಿನವರು. ಮೂರು ಗುಂಪಿನ ಅಂಕವನ್ನು ಕೂಡಿಸಿ ಸರಾಸರಿ ತೆಗೆಯಬೇಡ, ಬೇರೆ ಬೇರೆ ಇಡು. ಎಲ್ಲಿ ಡಾಕ್ಟರಿಗೂ ಕೆಲಸದವರಿಗೂ ಅಂತರ ತುಂಬಾ ಉಂಟೋ ಅಲ್ಲೇ ನಿನ್ನ ಯಂತ್ರಕ್ಕೆ ಹೆಚ್ಚು ಕೆಲಸ.

— ಮಚ್ಚೆ ಮತ್ತು ಜೋಮು, ಈ ಜೋಡಿಯನ್ನು ಪಟ್ಟಿಯಲ್ಲಿ ಮೊದಲು ಹಾಕ್ತೇನೆ.

— ಜೋಡಿಯಾಗಿ ಕೇಳಿದರೆ ಯಾರೂ ಅಂಕ ಕೊಡುವುದಿಲ್ಲ, ಎರಡಕ್ಕೂ ಏನು ಸಂಬಂಧ ಅಂತಾರೆ. ಮೂರು ಮೂರಾಗಿ ಕೇಳು: ಮೈಮೇಲೆ ಮಚ್ಚೆ ಇದ್ದು ಅಲ್ಲಿ ಜೋಮು ಇದ್ದರೆ ಇವುಗಳಲ್ಲಿ ಯಾವ ಪುಟವನ್ನು ಮೊದಲು ಓದ್ತೀರಿ, ಅಂತ. ಓದ್ಲಿಕ್ಕೆ ಬಾರದವರಿಗೆ ನೀನೇ ಓದಿ ಹೇಳು. ನಾಳೆ ಆಸ್ಪತ್ರೆಯಲ್ಲಿ ಕಾಯುವಾಗ ಸಮಯ ಸಿಗ್ತದೆ, ಅವರಿಂದಲೇ ಶುರುಮಾಡಬಹುದು. ಆದರೆ ಡಾಕ್ಟರು ನೋಡಿದ ಮೇಲೆ ಕೇಳು, ಮೊದಲು ಬೇಡ.